ಸೆಮಿಸ್ಟರ್ ಮುಗಿದ ಮೇಲೆ ಲೋಗೊ ಯಾರದು?

ಪ್ರಶ್ನೆ: ಧಾರವಾಡದಲ್ಲಿ ನಾವು 11 ಜನ ಹೆಣ್ಣುಮಕ್ಕಳು ಸೇರಿ ಕಸೂತಿ ಹಾಕುತ್ತೇವೆ. ಇಷ್ಟು ವರ್ಷ ಹುಬ್ಬಳ್ಳಿಯ ಅಂಗಡಿಗಳಿಗೆ ಸೀರೆಗೆ ಇಷ್ಟು ಅಂತ ಕೂಲಿಗೆ ಮಾಡಿಕೊಡುತ್ತಿದ್ದೆವು. ಈ ವರ್ಷ ನಮ್ಮದೇ ಒಂದು ಕಲೆಕ್ಷನ್ ತಯಾರಿಸಿದ್ದೇವೆ. ಸ್ಟೋಲ್, ದುಪ್ಪಟ್ಟಾ, ಕುಶನ್ ಕವರ್, ಕೈಚೀಲ ಇವೆ. ಡಿಸೈನ್ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಬಂದು, ‘ಹೆಸರು, ಲೋಗೊ, ಲೇಬಲ್, ಪ್ಯಾಕಿಂಗ್ ಎಲ್ಲವನ್ನೂ ನಮ್ಮ ಪ್ರಾಜೆಕ್ಟ್ ಅಂತ ಮಾಡಿಕೊಡುತ್ತೇವೆ, ದುಡ್ಡು ಬೇಡ’ ಎಂದಿದ್ದಾರೆ. ನಮ್ಮಲ್ಲಿ ಕೆಲವರಿಗೆ ಖುಷಿ, ಕೆಲವರಿಗೆ ಭಯ. ನಮ್ಮ ಡಿಸೈನ್ ಒಯ್ದು ದೊಡ್ಡ ಕಂಪನಿಗೆ ಕೊಟ್ಟರೆ? ನಾಳೆ ‘ಲೋಗೊ ನಮ್ಮದು’ ಅಂದರೆ? ಪರಿಚಯದವರೊಬ್ಬರು ‘ಫ್ರೀ ಕೊಟ್ಟ ಮೇಲೆ ಅದು ನಿಮ್ಮದೇ’ ಅನ್ನುತ್ತಾರೆ. ಇನ್ನೊಬ್ಬರು ‘ಮೊದಲು ಧಾರವಾಡ ಕಸೂತಿ ಅಂತ ಹೆಸರು ರಿಜಿಸ್ಟರ್ ಮಾಡಿಸಿ’ ಅನ್ನುತ್ತಾರೆ. ದೀಪಾವಳಿ ಹೊತ್ತಿಗೆ ಮಾರಾಟಕ್ಕೆ ಇಡಬೇಕು. ಒಪ್ಪಬೇಕೋ ಬೇಡವೋ?

ಉತ್ತರ: ಒಪ್ಪಿಕೊಳ್ಳಿ. ಆದರೆ ಮೊದಲ ಗೆರೆ ಎಳೆಯುವ ಮೊದಲೇ ಎರಡು ಪುಟದ ಒಂದು ಪತ್ರಕ್ಕೆ ಎಲ್ಲರ ಸಹಿ ಆಗಲಿ. ಯಾಕೆ, ಆ ಪತ್ರದಲ್ಲಿ ಏನಿರಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಸಣ್ಣ ತಯಾರಕರಿಗೆ ಬ್ರ್ಯಾಂಡ್ ಮಾಡಿಕೊಡುವುದು ನನ್ನ ಕೆಲಸ. ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿ ಅಂಕ ಕೊಡುವ ಜ್ಯೂರಿಯಲ್ಲೂ ಕೂತಿದ್ದೇನೆ. ನಿಮ್ಮ ಗುಂಪಿನ ಭಯ ನನಗೆ ಅರ್ಥವಾಗುತ್ತದೆ. ಇಷ್ಟು ವರ್ಷ ನಿಮ್ಮ ಕೈಕೆಲಸ ಬೇರೆಯವರ ಹೆಸರಿನಲ್ಲೇ ಮಾರಾಟವಾಗಿದೆ. ಮತ್ತೆ ಹಾಗೇ ಆದೀತೆಂಬ ಅನುಮಾನ ಸಹಜ. ಆದರೆ ಅಪಾಯ ಇರುವುದು ನೀವು ನೋಡುತ್ತಿರುವ ಕಡೆ ಅಲ್ಲ. ವಿದ್ಯಾರ್ಥಿಗಳು ಕದ್ದು ಮಾರಿದ್ದನ್ನು ನಾನು ಕಂಡಿದ್ದು ಬಹಳ ಕಡಿಮೆ. ಜಾಸ್ತಿ ಕಂಡಿದ್ದು ಬೇರೆಯೇ. ಜ್ಯೂರಿ ಮುಗಿಯುತ್ತದೆ, ಅಂಕ ಬರುತ್ತದೆ, ನಾಲ್ವರೂ ನಾಲ್ಕು ಊರಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಾರೆ. ನಿಮ್ಮ ಕೈಯಲ್ಲಿ ಉಳಿಯುವುದು ವಾಟ್ಸ್‌ಆಪ್‌ನಲ್ಲಿ ಬಂದ ಒಂದು ಮಸುಕು ಚಿತ್ರ. ಪ್ರೆಸ್ಸಿನವರು ‘ಒರಿಜಿನಲ್ ಫೈಲ್ ಕೊಡಿ’ ಎಂದಾಗ ಕೊಡಲು ಏನೂ ಇರುವುದಿಲ್ಲ. ಅವರ ಕೆಲಸ ಜ್ಯೂರಿಯ ದಿನ ಮುಗಿಯುತ್ತದೆ, ನಿಮ್ಮದು ಆ ದಿನ ಶುರುವಾಗುತ್ತದೆ. ಈ ಎರಡು ದಿನಾಂಕಗಳ ನಡುವಿನ ಕಂದಕಕ್ಕೆ ಯಾರು ಹೊಣೆ ಅನ್ನುವುದು ಮೊದಲೇ ತೀರ್ಮಾನವಾಗಬೇಕು.

ಈಗ ನೀವು ಕೇಳಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಫ್ರೀ ಕೊಟ್ಟ ಮೇಲೆ ಅದು ನಿಮ್ಮದೇ.’ ಇದು ತಪ್ಪು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರವನ್ನು ಬಿಡಿಸಿದವರೇ ಅದರ ಮೊದಲ ಒಡೆಯರು. ಸಂಬಳಕ್ಕಿರುವ ನೌಕರ ಮಾಡಿದ್ದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆ. ಆದರೆ ವಿದ್ಯಾರ್ಥಿಗಳು ನಿಮ್ಮ ನೌಕರರಲ್ಲ. ನಾಲ್ವರೂ ಸೇರಿ ಬಿಡಿಸಿದ್ದರೆ ನಾಲ್ವರಿಗೂ ಹಕ್ಕಿದೆ. ಕೆಲವು ಕಾಲೇಜುಗಳು ಕೋರ್ಸಿನ ಭಾಗವಾಗಿ ಮಾಡಿದ ಕೆಲಸದಲ್ಲಿ ತಮಗೂ ಹಕ್ಕಿದೆ ಎಂದು ನಿಯಮ ಬರೆದುಕೊಂಡಿರುತ್ತವೆ. ಹಕ್ಕು ನಿಮಗೆ ಬರಬೇಕಾದರೆ ಬರಹದಲ್ಲಿ ವರ್ಗಾವಣೆ ಆಗಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತು ಸಾಲದು.

ಆ ವರ್ಗಾವಣೆ ಪತ್ರದಲ್ಲಿ ಬಹಳ ಜನ ಎಡವುವ ಜಾಗಗಳಿವೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಓದುತ್ತದೆ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ವರ್ಗಾವಣೆ ಬಿದ್ದುಹೋಗುತ್ತದೆ. ಹಾಗಾಗಿ ‘ಕಾಪಿರೈಟ್‌ನ ಪೂರ್ತಿ ಅವಧಿಗೆ, ಜಗತ್ತಿನ ಎಲ್ಲ ಕಡೆಗೆ, ಒಂದು ವರ್ಷದೊಳಗೆ ಬಳಸದಿದ್ದರೂ ರದ್ದಾಗದಂತೆ’ ಎಂಬ ಮೂರೂ ಮಾತು ಸ್ಪಷ್ಟವಾಗಿ ಬರಲಿ. ಬರೆದ ಮೇಲೆ ಒಬ್ಬ ವಕೀಲರಿಗೆ ಒಮ್ಮೆ ತೋರಿಸಿ.

ಇನ್ನೊಂದು ಮಾತು. ಅವರು ದುಡ್ಡು ಬೇಡ ಅಂದರೂ ಸ್ವಲ್ಪ ಕೊಡಿ. ಏನೂ ಕೊಡದೆ ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ವರ್ಗಾವಣೆಗೆ ಪ್ರತಿಯಾಗಿ ಏನು ಕೊಡಲಾಗಿದೆ ಎಂಬುದೂ ಪತ್ರದಲ್ಲಿ ಇರಬೇಕು. ಸಣ್ಣ ಗೌರವಧನವಾದರೂ ಸರಿ, ಬ್ಯಾಂಕ್ ಮೂಲಕ ಕೊಟ್ಟು ಅದನ್ನು ನಮೂದಿಸಿ. ಕೂಲಿಯ ಬೆಲೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹುಡುಗರೂ ಹಗಲು ರಾತ್ರಿ ಕೂತು ಕೆಲಸ ಮಾಡುತ್ತಾರೆ.

ಹಕ್ಕು ಕೊಟ್ಟ ಮೇಲೂ ‘ಇದನ್ನು ಬಿಡಿಸಿದ್ದು ನಾವು’ ಎಂದು ಹೇಳಿಕೊಳ್ಳುವ ಹಕ್ಕು ಅವರಿಗೆ ಉಳಿಯುತ್ತದೆ. ಕಾನೂನೇ ಅದನ್ನು ಕಾಪಾಡಿದೆ. ಅವರು ಪೋರ್ಟ್‌ಫೋಲಿಯೊದಲ್ಲಿ ತೋರಿಸಿಕೊಳ್ಳಲಿ, ಸಂತೋಷದಿಂದ ಒಪ್ಪಿ. ಯಾವಾಗಿನಿಂದ ತೋರಿಸಬಹುದು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ. ಕಲೆಕ್ಷನ್ ಮಾರುಕಟ್ಟೆಗೆ ಬಂದ ಮೇಲೆ ಎಂದಿರಲಿ. ಬಟ್ಟೆಯ ಮೇಲಿನ ಯಾವುದಾದರೂ ಹೊಸ ವಿನ್ಯಾಸವನ್ನು 2000ದ ಡಿಸೈನ್ ಕಾಯ್ದೆಯಡಿ ನೋಂದಾಯಿಸುವ ಆಸೆ ಇದ್ದರೆ, ಅರ್ಜಿ ಹಾಕುವ ಮೊದಲು ಅದು ಎಲ್ಲೂ ಪ್ರಕಟವಾಗಿರಬಾರದು. ವಿದ್ಯಾರ್ಥಿಯೊಬ್ಬ ಉತ್ಸಾಹದಿಂದ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಫೋಟೊ ಒಂದೇ ಆ ದಾರಿ ಮುಚ್ಚಬಹುದು.

‘ನಮ್ಮ ಡಿಸೈನ್ ಒಯ್ದರೆ?’ ಯಾವ ಡಿಸೈನ್ ಎಂದು ಮೊದಲು ನೀವೇ ವಿಂಗಡಿಸಿ. ಗೋಪುರ, ತೇರು, ತುಳಸಿಕಟ್ಟೆ, ಪಲ್ಲಕ್ಕಿ, ಆನೆ, ಗಿಳಿ ಇವು ತಾಯಂದಿರಿಂದ ಮಕ್ಕಳಿಗೆ ಬಂದ ಚಿತ್ತಾರಗಳು. ಇವುಗಳ ಮೇಲೆ ನೀವೂ ಒಡೆತನ ಹೇಳಲಾಗದು, ಆ ವಿದ್ಯಾರ್ಥಿಗಳೂ ಹೇಳಲಾಗದು, ದೊಡ್ಡ ಕಂಪನಿಯೂ ಹೇಳಲಾಗದು. ಆದರೆ ನಿಮ್ಮ ಗುಂಪಿನವರು ಹೊಸದಾಗಿ ಎಣಿಸಿ ಕೂಡಿಸಿದ ಜೋಡಣೆ, ಅಂಚಿನ ವಿನ್ಯಾಸ, ಬಣ್ಣಗಳ ಹೊಂದಿಕೆ ನಿಮ್ಮದು. ಅವುಗಳ ಫೋಟೊ ತೆಗೆದು, ದಿನಾಂಕ ಹಾಕಿ, ಯಾರು ಮಾಡಿದ್ದು ಎಂದು ಬರೆದು ಒಂದು ವಹಿಯಲ್ಲಿ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ಮಾದರಿ ಬಟ್ಟೆ ಕೊಡುವಾಗ ಯಾವ್ಯಾವುದು, ಎಷ್ಟು ಎಂದು ಬರೆದು ಸಹಿ ಪಡೆಯಿರಿ. ಜ್ಯೂರಿ ಮುಗಿದ ಮೇಲೆ ವಾಪಸ್ ಬರಬೇಕು. ಕಾಲೇಜುಗಳಲ್ಲಿ ಮಾದರಿಗಳು ಕಳೆದುಹೋಗುವುದು ಬಹಳ ಸಾಮಾನ್ಯ. ನಿಮ್ಮಲ್ಲೊಬ್ಬರು ವಾರಗಟ್ಟಲೆ ಕೂತು ಹಾಕಿದ ಸ್ಟೋಲ್ ಯಾವುದೋ ಕಪಾಟಿನಲ್ಲಿ ಕೊಳೆಯಬಾರದು.

‘ಧಾರವಾಡ ಕಸೂತಿ ಅಂತ ರಿಜಿಸ್ಟರ್ ಮಾಡಿಸಿ.’ ಇದು ಆಗದ ಕೆಲಸ, ಆಗಲೂಬಾರದು. ಊರಿನ ಹೆಸರು ಮತ್ತು ವಸ್ತುವಿನ ಹೆಸರು ಸೇರಿಸಿದರೆ ಅದು ಒಬ್ಬರ ಟ್ರೇಡ್‌ಮಾರ್ಕ್, ಅಂದರೆ ಒಬ್ಬರಿಗೇ ಸೇರಿದ ವ್ಯಾಪಾರದ ಗುರುತು, ಆಗುವುದಿಲ್ಲ. ಜೊತೆಗೆ ಕಸೂತಿಗೆ ಈಗಾಗಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದನ್ನು ನೋಂದಾಯಿಸಿಕೊಂಡಿರುವುದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ಜಿಐ ಅಂದರೆ ಆ ಹೆಸರು ಒಂದು ಪ್ರದೇಶದ ಕುಶಲಕರ್ಮಿಗಳೆಲ್ಲರಿಗೂ ಸೇರಿದ್ದು. ಅದನ್ನು ಯಾರೊಬ್ಬರೂ ತಮ್ಮ ಬ್ರ್ಯಾಂಡ್ ಮಾಡಿಕೊಳ್ಳುವಂತಿಲ್ಲ. ನೀವು ಮಾಡಬೇಕಾದ್ದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಲು ಅರ್ಜಿ ಹಾಕುವುದು. 11 ಜನರೂ ಹಾಕಬಹುದು. ಬ್ರ್ಯಾಂಡಿನ ಹೆಸರು ಮಾತ್ರ ಬೇರೆ ಇರಲಿ, ನಿಮ್ಮದೇ ಇರಲಿ. ಅದರ ಕೆಳಗೆ ‘ಕೈ ಕಸೂತಿ, ಧಾರವಾಡ’ ಎಂದು ಸತ್ಯವನ್ನು ಬರೆಯಿರಿ.

ಇದೇ ಎಚ್ಚರ ಬಟ್ಟೆಯ ಹೆಸರಿಗೂ ಬೇಕು. ಇಳಕಲ್ ಸೀರೆಗೂ ಜಿಐ ಇದೆ. ಪವರ್‌ಲೂಮ್ ಬಟ್ಟೆಯ ಮೇಲೆ ಕಸೂತಿ ಹಾಕಿ ಟ್ಯಾಗ್‌ನಲ್ಲಿ ‘ಇಳಕಲ್’ ಅಂದರೆ ಅದು ಗಿರಾಕಿಗೆ ಮಾಡುವ ಮೋಸ. ಕೈಮಗ್ಗದ ಬಟ್ಟೆಯೇ ಬಳಸುತ್ತಿದ್ದರೆ ಕೈಮಗ್ಗದ್ದೇ ಎಂದು ಗುರುತಿಸಲು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬಗ್ಗೆ ನಿಮಗೆ ಬಟ್ಟೆ ಕೊಡುವ ನೇಕಾರರನ್ನು ಕೇಳಿ.

ಟ್ರೇಡ್‌ಮಾರ್ಕ್ ವಿಷಯ. ಜಿಎಸ್‌ಟಿ ಆಯಿತು, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆಯಿತು, ಹೆಸರು ನಮ್ಮದಾಯಿತು ಎಂದು ಬಹಳ ಜನ ನಂಬಿದ್ದಾರೆ. ಅವೆರಡಕ್ಕೂ ಹೆಸರಿನ ಒಡೆತನಕ್ಕೂ ಸಂಬಂಧವಿಲ್ಲ. ಹೆಸರಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಅರ್ಜಿ ಹಾಕಬೇಕು. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಹಾಕಿದರೆ ಸರಕಿನ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ ₹4,500. ಉಡುಪು 25ನೇ ವರ್ಗ, ಬಟ್ಟೆ ಮತ್ತು ಕುಶನ್ ಕವರ್‌ನಂಥವು 24, ಚೀಲಗಳು ಸಾಮಾನ್ಯವಾಗಿ 18. ಎಲ್ಲಕ್ಕೂ ಒಮ್ಮೆಗೇ ಹಾಕುವ ಅಗತ್ಯವಿಲ್ಲ. ಜಾಸ್ತಿ ಮಾರುವುದು ಯಾವುದೋ ಅದರಿಂದ ಶುರು ಮಾಡಿ. ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಅದೇ ಥರದ ಹೆಸರು ಇದೆಯಾ ಎಂದು ಉಚಿತವಾಗಿ ಹುಡುಕಬಹುದು. ಈ ಹುಡುಕಾಟವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ, ಹೆಸರು ಆರಿಸುವ ಹಂತದಲ್ಲೇ. ಲೋಗೊ ಮುಗಿದು, ಲೇಬಲ್ ಅಚ್ಚಾದ ಮೇಲೆ ಹುಡುಕುವುದಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಲೇಬೇಕು. ಅರ್ಜಿ ಯಾರ ಹೆಸರಿನಲ್ಲಿ? ನನ್ನ ಅನುಭವದಲ್ಲಿ ಗುಂಪುಗಳು ಒಡೆಯುವುದು ಹೊರಗಿನವರಿಂದಲ್ಲ, ಈ ಒಂದು ಪ್ರಶ್ನೆಯಿಂದ. ಓಡಾಡುವವರು ಒಬ್ಬರೇ ಇರುತ್ತಾರೆ, ಅವರ ಆಧಾರ್ ಸಿದ್ಧವಿರುತ್ತದೆ, ಅವರ ಹೆಸರಿನಲ್ಲೇ ಅರ್ಜಿ ಹೋಗುತ್ತದೆ. ಬ್ರ್ಯಾಂಡ್ ಬೆಳೆದ ಮೇಲೆ ಉಳಿದ ಹತ್ತು ಜನರಿಗೆ ಕಾಗದದಲ್ಲಿ ಏನೂ ಇಲ್ಲ ಎಂದು ಆಗ ತಿಳಿಯುತ್ತದೆ. ಯಾರೂ ಕೆಟ್ಟವರಲ್ಲ, ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಮನಸ್ಸು ಮುರಿಯುತ್ತದೆ. ನೀವು ಪಾಲುದಾರಿಕೆ ಮಾಡಿಕೊಳ್ಳುತ್ತೀರೋ, ಸಂಘ ಅಥವಾ ಸಹಕಾರಿ ಎಂದು ನೋಂದಾಯಿಸುತ್ತೀರೋ, ಮೊದಲು ಅದನ್ನು ತೀರ್ಮಾನಿಸಿ. ಸದ್ಯಕ್ಕೆ ಒಬ್ಬರ ಹೆಸರಿನಲ್ಲೇ ಹಾಕಬೇಕಾಗಿ ಬಂದರೆ, ಅವರು ಗುಂಪಿನ ಪರವಾಗಿ ಇದನ್ನು ಇಟ್ಟುಕೊಂಡಿದ್ದಾರೆ, ಗುಂಪು ನೋಂದಣಿಯಾದ ಮೇಲೆ ಅದಕ್ಕೆ ವರ್ಗಾಯಿಸುತ್ತಾರೆ ಎಂದು ಎಲ್ಲರ ಸಹಿ ಇರುವ ಪತ್ರ ಮಾಡಿ. ಅಂಗಡಿಯವರ, ಮಾರ್ಗದರ್ಶಕರ, ವಿದ್ಯಾರ್ಥಿಯ ಹೆಸರಿನಲ್ಲಿ ಮಾತ್ರ ಯಾವ ಕಾರಣಕ್ಕೂ ಬೇಡ. ‘ಸುಮ್ನೆ ಸುಲಭಕ್ಕೆ’ ಎಂದರೂ ಬೇಡ.

ಇನ್ನು ಕೆಲಸದ ವಿಷಯಕ್ಕೆ ಬರೋಣ. ಹಕ್ಕಿನ ಪತ್ರ ಎಷ್ಟೇ ಗಟ್ಟಿ ಇದ್ದರೂ ಲೋಗೊ ಬಳಸಲು ಬಾರದಿದ್ದರೆ ಏನು ಪ್ರಯೋಜನ?

ವಿದ್ಯಾರ್ಥಿಗಳ ಲೋಗೊಗಳು ಪರದೆಯ ಮೇಲೆ ಚೆಂದ ಕಾಣುತ್ತವೆ. ಐದು ಬಣ್ಣ ಒಂದರೊಳಗೊಂದು ಕರಗುತ್ತಿರುತ್ತವೆ, ಕೂದಲಿನಷ್ಟು ಸಣ್ಣ ಗೆರೆಗಳಿರುತ್ತವೆ. ಅದನ್ನು ಬಟ್ಟೆ ಚೀಲದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಲು ಹೋದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಖರ್ಚು ಏರುತ್ತದೆ. ನೇಯ್ದ ಲೇಬಲ್‌ನಲ್ಲಿ ಸಣ್ಣ ಗೆರೆ ನಿಲ್ಲುವುದೇ ಇಲ್ಲ. ಕನ್ನಡ ಅಕ್ಷರಕ್ಕೆ ಇದು ಇನ್ನೂ ಕಷ್ಟ. ‘ಹುಬ್ಬಳ್ಳಿ’ ಎಂದು ಬೆರಳಗಲದ ಲೇಬಲ್‌ನಲ್ಲಿ ನೇಯಿಸಿ ನೋಡಿ, ಎರಡೂ ಒತ್ತಕ್ಷರಗಳು ಗಂಟಿನ ಹಾಗೆ ಮುದ್ದೆಯಾಗಿ ಕಾಣುತ್ತವೆ. ಹಾಗಾಗಿ ಮೊದಲ ದಿನವೇ ಹೇಳಿ: ಒಂದೇ ಬಣ್ಣದಲ್ಲಿ ನಿಲ್ಲಬೇಕು, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದರೂ ಓದಲು ಬರಬೇಕು, ಕನ್ನಡದಲ್ಲಿ ಮೊದಲು ಬಿಡಿಸಿ ಆಮೇಲೆ ಇಂಗ್ಲಿಷ್‌ಗೆ ಹೋಗಬೇಕು. ಇಂಗ್ಲಿಷ್‌ನಲ್ಲಿ ಮುಗಿಸಿ ಕೊನೆಗೆ ಕನ್ನಡವನ್ನು ಮೂಲೆಗೆ ಅಂಟಿಸಿದ ಲೋಗೊಗಳನ್ನು ನೋಡಿ ನನಗೆ ಸಾಕಾಗಿದೆ.

ನಿಮ್ಮ ಕೈಯಲ್ಲಿ ಇನ್ನೂ ಒಳ್ಳೆಯ ಪರೀಕ್ಷೆಯೊಂದಿದೆ. ಕಸೂತಿಯಲ್ಲಿ ನೀವು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತೀರಿ. ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಅಡ್ಡ, ಉದ್ದ, ಓರೆ ಹೋಗುತ್ತದೆ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ಗೆಯ ಹಾಗೆ ಕಾಣುತ್ತದೆ, ಮೆಂತೆ ಒಂದರ ಮೇಲೊಂದು ಹಾಯುವ ಓರೆಗೆರೆ (ಕ್ರಾಸ್ ಸ್ಟಿಚ್) ಹಾಕಿ ಜಾಗ ತುಂಬುತ್ತದೆ. ಇದರಲ್ಲಿ ದುಂಡನೆಯ ಬಳಕು ಗೆರೆಗೆ ಜಾಗವೇ ಇಲ್ಲ. ವಿದ್ಯಾರ್ಥಿಗಳು ಕೊಟ್ಟ ಚಿತ್ರವನ್ನು ನಿಮ್ಮಲ್ಲಿ ಹಿರಿಯರೊಬ್ಬರ ಕೈಗೆ ಕೊಟ್ಟು, ‘ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಮೇಲೆ ಇದನ್ನು ಹಾಕಲು ಬರುತ್ತದಾ?’ ಎಂದು ಕೇಳಿ. ಬಂದರೆ ಅದು ನಿಮ್ಮ ಲೋಗೊ. ಬರದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ಅವರಿಗೆ ತೋರಿಸಿ, ತಿದ್ದಿಕೊಂಡು ಬರಲಿ. ಈ ಪರೀಕ್ಷೆಯಿಂದ ಆ ಹುಡುಗರು ಕಲಿಯುವುದು ಯಾವ ತರಗತಿಯಲ್ಲೂ ಸಿಗುವುದಿಲ್ಲ. ನಿಮಗೂ ಒಂದು ಲಾಭವಿದೆ. ಕೈಯಲ್ಲೇ ಹಾಕಲು ಬರುವ ಗುರುತು ಇದ್ದರೆ ಪ್ರತಿ ಸ್ಟೋಲಿನ ಮೂಲೆಯಲ್ಲೂ ಅದನ್ನು ಹಾಕಬಹುದು. ಮಶಿನ್‌ನಲ್ಲಿ ನಕಲು ಮಾಡಿದವರ ಬಟ್ಟೆ ತಿರುವಿ ನೋಡಿದರೆ ಹಿಂಬದಿಯೇ ಸತ್ಯ ಹೇಳಿಬಿಡುತ್ತದೆ.

ಹೀಗಾಗಿ ಮೊದಲ ವಾರ ಅವರು ಲ್ಯಾಪ್‌ಟಾಪ್ ತೆಗೆಯುವುದು ಬೇಡ, ನಿಮ್ಮ ಜೊತೆ ಕೂತು ಸೂಜಿ ಹಿಡಿಯಲಿ. ಒಪ್ಪದಿದ್ದರೆ ಆ ಪ್ರಾಜೆಕ್ಟ್ ನಿಮಗೆ ಬೇಡ ಅಂತಲೇ ನಾನು ಹೇಳುತ್ತೇನೆ.

ಫಾಂಟ್ ಬಗ್ಗೆಯೂ ಕೇಳಿ. ಎಲ್ಲಿಂದಲೋ ಇಳಿಸಿಕೊಂಡ, ಮಾರಾಟಕ್ಕೆ ಬಳಸಲು ಪರವಾನಗಿ ಇಲ್ಲದ ಫಾಂಟ್‌ನಿಂದ ಮುಂದೆ ತೊಂದರೆ ನಿಮಗೇ. ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದಾದ ಒಳ್ಳೆಯ ಕನ್ನಡ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಇವೆ. ಹುಬ್ಬಳ್ಳಿ ಅನ್ನುವ ಹೆಸರಿನದೇ ಒಂದಿದೆ. ಎಐ ಬಳಸಿ ಚಿತ್ರ ಮಾಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ. ಅಂಥ ಚಿತ್ರದ ಕಾಪಿರೈಟ್ ಯಾರದು ಎನ್ನುವುದು ಇನ್ನೂ ಇತ್ಯರ್ಥವಾಗದ ವಿಷಯ. ಹಾಗಾಗಿ ಲೋಗೊ ಮಟ್ಟಿಗೆ ಕೈಯಿಂದ ಬಿಡಿಸಿದ್ದೇ ಆಗಬೇಕು ಎಂದು ಪತ್ರದಲ್ಲಿ ಹಾಕಿ.

ಕೊನೆಗೆ ನಿಮಗೆ ಸಿಗಬೇಕಾದ್ದು ಏನೇನು? ಎಷ್ಟು ದೊಡ್ಡದು ಮಾಡಿದರೂ ಒಡೆಯದ ವೆಕ್ಟರ್ ಫೈಲ್, ಪಿಡಿಎಫ್, ಫೋನಿನಲ್ಲಿ ಬಳಸಲು ಹಿನ್ನೆಲೆ ಇಲ್ಲದ ಚಿತ್ರ, ಬಣ್ಣಗಳ ಕೋಡ್ ಸಂಖ್ಯೆ, ಫಾಂಟ್‌ಗಳ ಹೆಸರು. ಇವೆಲ್ಲ ಗುಂಪಿನದೇ ಇಮೇಲ್‌ನಲ್ಲಿ ಮತ್ತು ಒಂದು ಪೆನ್‌ಡ್ರೈವ್‌ನಲ್ಲಿ. ಟ್ಯಾಗ್ ಮತ್ತು ಡಬ್ಬಿಯ ಒಂದು ಮಾದರಿಯನ್ನು ಅವರೇ ಪ್ರೆಸ್ಸಿಗೆ ಹೋಗಿ ಮಾಡಿಸಲಿ. ಗದಗ ಮುದ್ರಣಕ್ಕೆ ಹೆಸರಾದ ಊರು, ನಿಮಗೆ ದೂರವೇನಲ್ಲ. ಅಲ್ಲಿನ ಪ್ರೆಸ್ಸಿನಲ್ಲಿ ಒಂದು ಮಧ್ಯಾಹ್ನ ನಿಂತರೆ ಯಾವ ಕಾಗದ ಮಡಚಿದಾಗ ಸೀಳುತ್ತದೆ, ಯಾವ ಅಳತೆಯಲ್ಲಿ ಕಾಗದ ಪೋಲಾಗುವುದಿಲ್ಲ ಎಂದು ಕೆಲಸಗಾರರೇ ಹೇಳಿಕೊಡುತ್ತಾರೆ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ತಯಾರಕರ ಹೆಸರು ವಿಳಾಸ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು ವರ್ಷ, ದೂರಿಗೆ ಫೋನ್ ನಂಬರ್ ಇತ್ಯಾದಿ ಇರಬೇಕೆಂದು ಪ್ಯಾಕ್ ಮಾಡಿದ ಸರಕುಗಳ 2011ರ ಲೀಗಲ್ ಮೆಟ್ರಾಲಜಿ ನಿಯಮ ಹೇಳುತ್ತದೆ. ಚೆಂದದ ಡಬ್ಬಿ ಮಾಡುವ ಭರದಲ್ಲಿ ಇದಕ್ಕೆ ಜಾಗ ಬಿಡುವುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ.

ಟ್ಯಾಗ್ ಮೇಲಿನ ಬರಹವನ್ನು ನೀವೇ ಓದಿ ಒಪ್ಪಬೇಕು. ‘ಬಡ ಮಹಿಳೆಯರ ಬದುಕಿಗೆ ಬೆಳಕು’ ಎಂಬಂಥ ಸಾಲು ಬಂದರೆ ತೆಗೆಸಿ. ಕನಿಕರಕ್ಕೆ ಕೊಂಡವರು ಒಮ್ಮೆ ಕೊಳ್ಳುತ್ತಾರೆ, ಕೆಲಸ ಮೆಚ್ಚಿ ಕೊಂಡವರು ಮತ್ತೆ ಬರುತ್ತಾರೆ. ಯಾರು ಹಾಕಿದ್ದು, ಯಾವ ಹೊಲಿಗೆ, ಎಷ್ಟು ದಿನ ಹಿಡಿಯಿತು ಎಂದು ಬರೆದರೆ ಸಾಕು. ಹೆಸರು ಮತ್ತು ಫೋಟೊ ಹಾಕಲು ಪ್ರತಿಯೊಬ್ಬರ ಒಪ್ಪಿಗೆ ಬೇರೆ ಬೇರೆಯಾಗಿ ಕೇಳಿ. ಬೇಡ ಅಂದವರದು ಬೇಡ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಪತ್ರವಿಲ್ಲದೆ ಸುಮ್ಮನೆ ಒಪ್ಪಿಕೊಳ್ಳುವುದು ಒಂದು. ಖರ್ಚಿಲ್ಲ, ಆದರೆ ಮೇಲೆ ಹೇಳಿದ ಎಲ್ಲ ಅಪಾಯವೂ ನಿಮ್ಮ ತಲೆ ಮೇಲೆ. ಪೂರ್ತಿ ಬೇಡ ಎಂದು ವೃತ್ತಿಪರರ ಬಳಿ ಹೋಗುವುದು ಇನ್ನೊಂದು. ಕೆಲಸ ಬೇಗ ಆಗುತ್ತದೆ, ಹೊಣೆ ಹೊರುವವರು ಇರುತ್ತಾರೆ, ಆದರೆ ದುಡ್ಡು ಬೇಕು, ನಿಮ್ಮ ಜೊತೆ ವಾರಗಟ್ಟಲೆ ಕೂರುವ ಸಮಯ ಅವರಿಗೆ ಇರಲಿಕ್ಕಿಲ್ಲ. ಲೋಗೊ ಬಿಟ್ಟು ಫೋಟೊ, ಕ್ಯಾಟಲಾಗ್, ಪ್ಯಾಕಿಂಗ್ ಮಾತ್ರ ವಿದ್ಯಾರ್ಥಿಗಳಿಗೆ ಕೊಡುವುದೂ ಆಗುತ್ತದೆ. ಇದರಲ್ಲಿ ಏನೇ ಕೆಟ್ಟರೂ ಮತ್ತೆ ಮಾಡಿಕೊಳ್ಳಬಹುದು.

ನಾನು ಹೇಳುವುದು ನಾಲ್ಕನೆಯದನ್ನು. ಪತ್ರ ಮಾಡಿ ಪೂರ್ತಿ ಪ್ರಾಜೆಕ್ಟ್ ಕೊಡಿ. ನಾಲ್ವರು ವಿದ್ಯಾರ್ಥಿಗಳು, ಮಾರ್ಗದರ್ಶಿ ಶಿಕ್ಷಕರು, ಕಾಲೇಜಿನ ಪರವಾಗಿ ಒಬ್ಬರು, ನಿಮ್ಮ ಗುಂಪು, ಎಲ್ಲರೂ ಸಹಿ ಹಾಕಲಿ. ಜ್ಯೂರಿ ಮುಗಿದ ಮೇಲೆ ನಾಲ್ವರಲ್ಲಿ ಒಬ್ಬರನ್ನು ಒಂದೆರಡು ತಿಂಗಳು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಅಚ್ಚು ಹಾಕಿಸುವುದು, ತಿದ್ದುವುದು, ಫೈಲ್ ಒಪ್ಪಿಸುವುದು ಅವರ ಹೊಣೆ. ಆ ಕಂದಕಕ್ಕೆ ಸೇತುವೆ ಅಂದರೆ ಇದೇ. ಅಂಕಕ್ಕೆ ಮಾಡಿದ್ದು ನಿಮಗೆ ಇಷ್ಟವಾಗದಿದ್ದರೆ ಬಳಸದಿರುವ ಸ್ವಾತಂತ್ರ್ಯ ನಿಮಗಿದೆ ಎಂದೂ ಪತ್ರದಲ್ಲಿ ಇರಲಿ. ಅವರ ಅಂಕಕ್ಕೂ ನಿಮ್ಮ ಒಪ್ಪಿಗೆಗೂ ಗಂಟು ಹಾಕಬೇಡಿ. ಆಗ ದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಅನ್ನಬೇಕಾಗಿ ಬರುವುದಿಲ್ಲ.

ದೀಪಾವಳಿ ಮಾರಾಟ? ಈ ಪ್ರಾಜೆಕ್ಟ್‌ಗೆ ಅದನ್ನು ಕಟ್ಟಿಹಾಕಬೇಡಿ. ಕಾಲೇಜಿನ ವೇಳಾಪಟ್ಟಿ ಹಬ್ಬ ನೋಡಿ ನಡೆಯುವುದಿಲ್ಲ. ಈ ಸಲ ಬಿಳಿ ಕಾಗದದ ಸಾದಾ ಟ್ಯಾಗ್ ಹಾಕಿ ಮಾರಿ. ಗುಂಪಿನ ವಿವರ, ಬೆಲೆ, ಫೋನ್ ನಂಬರ್, ಪ್ಯಾಕ್ ಮಾಡಿದ್ದಾದರೆ ಮೇಲೆ ಹೇಳಿದ ಉಳಿದ ವಿವರವೂ ಇದ್ದರೆ ಆಯಿತು. ಯಾವುದು ಬೇಗ ಖಾಲಿಯಾಯಿತು, ಗಿರಾಕಿಗಳು ಏನು ಕೇಳಿದರು, ಯಾವ ಬೆಲೆಗೆ ಹಿಂಜರಿದರು ಎಂದು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇಲ್ಲ. ಈ ವಾರ ಕಾಲೇಜಿನ ಮಾರ್ಗದರ್ಶಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ವಿದ್ಯಾರ್ಥಿಗಳ ಕೆಲಸದ ಹಕ್ಕಿನ ಬಗ್ಗೆ ಕಾಲೇಜಿನ ಲಿಖಿತ ನಿಯಮ ಏನು, ಮತ್ತು ಜ್ಯೂರಿ ಯಾವ ದಿನ. ಅವರ ಉತ್ತರ ಕೈಗೆ ಬಂದ ಮೇಲೆ ಪತ್ರ ಬರೆಯಲು ಕೂತುಕೊಳ್ಳಿ.